ರೆವರೆಂಡ್ ಉತ್ತಂಗಿ ಚನ್ನಪ್ಪ: ಧರ್ಮನಿಷ್ಠೆ ಮತ್ತು ನಾಡಿನ ನಂಟು

ಬಹುಧರ್ಮೀಯ ನಾಡಿನಲ್ಲಿ ಕ್ರೈಸ್ತ ಪ್ರಜೆಯ ಬಾಳುವೆ ಎಂತಹುದೆಂಬ ಪ್ರಶ್ನೆಗೆ ರೆವರೆಂಡ್ ಉತ್ತಂಗಿ ಚನ್ನಪ್ಪನವರ ಜೀವನವು ಕನ್ನಡದೊಳಗಿನ ಒಂದು ಉತ್ತರವಾಗಿದೆ. ೧೮೮೧ರಲ್ಲಿ ಧಾರವಾಡದಲ್ಲಿ ಜನಿಸಿದ ಅವರು ಮಂಗಳೂರಿನ ಬಾಸೆಲ್ ಮಿಷನ್ ಸೆಮಿನರಿಯಲ್ಲಿ ಅಧ್ಯಯನ ಮಾಡಿ ಸಭಾಪಾಲಕರಾದರು. ಹಸ್ತಪ್ರತಿಗಳಿಂದಲೂ ಜನರ ನಾಲಿಗೆಯಿಂದಲೂ ಸರ್ವಜ್ಞನ ಸುಮಾರು ೨೦೦೦ ತ್ರಿಪದಿಗಳನ್ನು ಸಂಗ್ರಹಿಸಿ ೧೯೨೪ರಲ್ಲಿ ಪ್ರಕಟಿಸಿದರು. ಮುಂದೆ ಶರಣ ಸಾಹಿತ್ಯದತ್ತ ಹೊರಳಿ, ಅನುಭವ ಮಂಟಪದ ಐತಿಹಾಸಿಕತೆಯನ್ನು ಸಮರ್ಥಿಸಿದರು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಅನ್ಯಧರ್ಮದ ಸಾಹಿತ್ಯಕ್ಕೆ ದುಡಿಯಲು ಅವರು ಸ್ವಧರ್ಮವನ್ನು ತೊರೆಯಲಿಲ್ಲ, ಮರೆಮಾಚಲೂ ಇಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಅವರ ಕೃತಿಯ ಹೆಸರಿನಲ್ಲಿರುವುದು ಆಜ್ಞೆಯಲ್ಲ, ವಿನಂತಿ. ಕ್ರಿಸ್ತನಲ್ಲಿನ ವಿಶ್ವಾಸವೂ ನೆರೆಯವನ ಮೇಲಿನ ಗೌರವವೂ ಆ ಒಂದು ಪದದಲ್ಲಿ ಕೂಡಿವೆ.

ಈ ನಿಲುವಿಗೆ ನಾಡಿನ ಮನ್ನಣೆ ದೊರೆತುದು ಕಲಬುರ್ಗಿಯಲ್ಲಿ. ೧೯೪೮ರ ಸೆಪ್ಟೆಂಬರಿನಲ್ಲಿ ಹೈದರಾಬಾದ್ ಸಂಸ್ಥಾನ ಭಾರತದಲ್ಲಿ ವಿಲೀನಗೊಂಡಾಗ, ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆಯ ಕನ್ನಡಿಗರು ನಿಜಾಮರ ಆಳ್ವಿಕೆಯಿಂದ ಬಿಡುಗಡೆ ಹೊಂದಿದರು. ಮತೀಯ ಹಿಂಸೆಯ ಗಾಯಗಳು ಇನ್ನೂ ಮಾಯದಿದ್ದ ೧೯೪೯ರಲ್ಲಿ, ಅಲ್ಲಿ ನಡೆದ ೩೨ನೆಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷಪೀಠವನ್ನು ಅಲಂಕರಿಸಿದವರು ಈ ಪಾದ್ರಿ. ತಮ್ಮನ್ನು ‘ತಿರುಳ್ಗನ್ನಡದ ತಿರುಕ’ನೆಂದೇ ಕರೆದುಕೊಂಡ ಅವರು ೧೯೬೨ರಲ್ಲಿ ನಿಧನರಾದರು. ಧರ್ಮನಿಷ್ಠೆ ಮತ್ತು ನಾಡನಿಷ್ಠೆಗಳಲ್ಲಿ ಒಂದನ್ನೇ ಆಯ್ದುಕೊಳ್ಳಬೇಕೆಂಬ ವಾದವನ್ನು ಅವರ ಬದುಕು ಅಲ್ಲಗಳೆಯುತ್ತದೆ.