ಕೀಟಲೋಕದ ತಪಸ್ವಿ ಫಾಬ್ರ್

ಹೊಸಪೇಟೆಯ ಚಿತ್ತವಾಡ್ಗಿಯಂತೆ ಕಾಲುವೆಯ ನೀರುಂಡು ಕಬ್ಬು, ಬಾಳೆ ಬೆಳೆಯುವ ಊರುಗಳಲ್ಲಿ ಹಸಿಮಣ್ಣಿಗೆ ಕೊರತೆಯಿಲ್ಲ. ಆ ಮಣ್ಣನ್ನು ಉಂಡೆ ಮಾಡಿ ಹೊತ್ತು ತಂದು, ಮನೆಯ ಗೋಡೆಯ ಮೂಲೆಯಲ್ಲಿ ಕುಡಿಕೆಯಂತಹ ಗೂಡು ಕಟ್ಟುವ ಕಣಜವನ್ನು ಕಾಣದವರು ವಿರಳ. ಗೂಡು ಸಿದ್ಧವಾದ ಮೇಲೆ ಅದು ಹಸಿರು ಹುಳುಗಳನ್ನು ತಂದು ಒಳಗೆ ತುಂಬಿ, ಬಾಯಿಗೆ ಮಣ್ಣು ಮೆತ್ತಿ ಹಾರಿಹೋಗುತ್ತದೆ. ಕೆಲಕಾಲದ ತರುವಾಯ ಗೂಡನ್ನು ಕೊರೆದುಕೊಂಡು ಹೊಸದೊಂದು ಕಣಜ ಹೊರಬರುತ್ತದೆ. ಒಳಹೊಕ್ಕದ್ದು ಹುಳು, ಹೊರಬಂದದ್ದು ಕಣಜ! ಸೆರೆಯಲ್ಲಿದ್ದ ಹುಳು ಕಣಜವನ್ನೇ ಎಡೆಬಿಡದೆ ನೆನೆದು ತಾನೂ ಕಣಜವಾಯಿತೆಂದು ಹಿರಿಯರು ಭಾವಿಸಿದರು. ಗುರುವನ್ನು ನೆನೆಯುವ ಶಿಷ್ಯನು ಗುರುವೇ ಆಗುವನೆಂದು ತಿಳಿಸಲು ಇದನ್ನು ಕೀಟಭ್ರಮರ ನ್ಯಾಯವೆಂದು ಕರೆದರು. ಉಪಮಾನವಾಗಿ ಇದು ಸೊಗಸಾದುದು. ಆದರೆ ಕಣಜದ ಕತ್ತಲೆಯ ಗೂಡಿನೊಳಗೆ ನಿಜವಾಗಿ ನಡೆಯುವುದೇನು? ಇಂತಹ ಪ್ರಶ್ನೆಗಳಿಗೆ ಬಯಲಿನಲ್ಲಿ ಕುಳಿತು ಉತ್ತರ ಹುಡುಕುತ್ತ ಬಾಳನ್ನೇ ಸವೆಸಿದವನು ಫ್ರಾನ್ಸ್ ದೇಶದ ಝಾನ್ ಆನ್ರಿ ಫಾಬ್ರ್.

ಫಾಬ್ರನು 1823ರ ಡಿಸೆಂಬರ್ ತಿಂಗಳಲ್ಲಿ ದಕ್ಷಿಣ ಫ್ರಾನ್ಸಿನ ಸ್ಯಾನ್ ಲೆಯೋನ್ ಎಂಬ ಹಳ್ಳಿಯಲ್ಲಿ ಬಡ ಕುಟುಂಬವೊಂದರಲ್ಲಿ ಜನಿಸಿದನು. ಬಾಲ್ಯದ ಕೆಲವು ವರ್ಷಗಳನ್ನು ಅಜ್ಜ ಅಜ್ಜಿಯರ ಹೊಲಮನೆಯಲ್ಲಿ ಕಳೆದನು. ತಂದೆಯ ಉದ್ಯೋಗಗಳು ಒಂದಾದ ಮೇಲೊಂದು ಕೈಕೊಟ್ಟಾಗ ಬಾಲಕನು ತನ್ನ ಅನ್ನವನ್ನು ತಾನೇ ಗಳಿಸಬೇಕಾಯಿತು. ಸಂತೆಯಲ್ಲಿ ನಿಂಬೆಹಣ್ಣು ಮಾರಿದನು. ರೈಲುದಾರಿಯ ಕಾಮಗಾರಿಯಲ್ಲಿ ಕೂಲಿ ಮಾಡಿದನು. ಆದರೂ ಓದುವ ಹಂಬಲ ಬತ್ತಲಿಲ್ಲ. ಸ್ಪರ್ಧಾ ಪರೀಕ್ಷೆಯಲ್ಲಿ ಗೆದ್ದು, ವಿದ್ಯಾರ್ಥಿವೇತನ ಪಡೆದು ಆವಿನ್ಯೋನ್ ನಗರದ ಶಿಕ್ಷಕರ ತರಬೇತಿ ಶಾಲೆಯನ್ನು ಸೇರಿದನು. 1842ರಲ್ಲಿ ಕಾರ್ಪಾಂತ್ರಾ ಎಂಬ ಊರಿನಲ್ಲಿ ಉಪಾಧ್ಯಾಯನಾದಾಗ ಅವನಿಗಿನ್ನೂ ಹದಿನೆಂಟು ವರ್ಷ. ವರ್ಷಕ್ಕೆ ದೊರೆಯುತ್ತಿದ್ದ ಸಂಬಳ 700 ಫ್ರಾಂಕುಗಳು ಮಾತ್ರ.

ಒಮ್ಮೆ ಭೂಮಾಪನವನ್ನು ಕಲಿಸಲು ಅವನು ಮಕ್ಕಳನ್ನು ಬಯಲಿಗೆ ಕರೆದೊಯ್ದಿದ್ದನು. ಮಕ್ಕಳು ಅಳತೆಯನ್ನು ಮರೆತು, ಕಲ್ಲುಗಳ ಮೇಲಿದ್ದ ಮಣ್ಣಿನ ಗೂಡುಗಳಿಗೆ ಹುಲ್ಲುಕಡ್ಡಿ ಚುಚ್ಚಿ ಜೇನು ಹೀರುತ್ತಿದ್ದರು. ಗುರುವು ಸಿಟ್ಟಾಗಲಿಲ್ಲ, ತಾನೂ ಬಗ್ಗಿ ನೋಡಿದನು. ಆ ಗೂಡು ಕಟ್ಟಿದ ಜೇನುಹುಳುವಿನ ವಿಚಾರವನ್ನು ತಿಳಿಯಬೇಕೆಂಬ ಆಸೆ ಹುಟ್ಟಿತು. ಒಂದು ತಿಂಗಳ ಸಂಬಳವನ್ನೇ ತೆತ್ತು ಕೀಟಗಳನ್ನು ಕುರಿತ ಗ್ರಂಥವೊಂದನ್ನು ಕೊಂಡನು. ಮುಂದೆ ಗಣಿತ, ಭೌತಶಾಸ್ತ್ರಗಳಲ್ಲಿ ಸ್ವಂತ ಓದಿನಿಂದಲೇ ಪದವಿಗಳನ್ನು ಪಡೆದು, ಕಾರ್ಸಿಕಾ ದ್ವೀಪದಲ್ಲಿ ಕೆಲವು ಕಾಲ ಪಾಠ ಹೇಳಿ, 1853ರಲ್ಲಿ ಆವಿನ್ಯೋನಿಗೆ ಮರಳಿದನು.

ಅಲ್ಲಿ ಒಂದು ಚಳಿಗಾಲದ ರಾತ್ರಿ ಅವನಿಗೆ ದ್ಯುಫೂರ್ ಎಂಬ ವೈದ್ಯನ ಲೇಖನ ದೊರೆಯಿತು. ಒಂದು ಜಾತಿಯ ಕಣಜ ನೆಲದೊಳಗಿನ ತನ್ನ ಬಿಲದಲ್ಲಿ ಜೀರುಂಡೆಗಳನ್ನು ಕೂಡಿಡುತ್ತದೆ. ಅವು ಬಹುಕಾಲ ಕೊಳೆಯುವುದಿಲ್ಲ. ಕಣಜದ ವಿಷ ಜೀರುಂಡೆಗಳನ್ನು ಕೊಂದು ಕೆಡದಂತೆ ಕಾಪಾಡುತ್ತದೆಂದು ದ್ಯುಫೂರನು ಊಹಿಸಿದ್ದನು. ಫಾಬ್ರನು ಊಹೆಗೆ ತೃಪ್ತನಾಗಲಿಲ್ಲ. ಸುಡುಬಿಸಿಲಿನಲ್ಲಿ ಬಿಲಗಳ ಬಳಿ ಕಾದು ಕುಳಿತನು. ಕಣಜದ ಬಿಲದಿಂದ ತೆಗೆದ ಜೀರುಂಡೆಗಳಿಗೆ ವಿದ್ಯುತ್ತನ್ನು ಹರಿಸಿದಾಗ ಅವುಗಳ ಕಾಲುಗಳು ಮಿಡಿದವು. ಅವು ಸತ್ತಿರಲಿಲ್ಲ! ಕಣಜ ತನ್ನ ಕೊಂಡಿಯನ್ನು ನರಗಂಟುಗಳಿರುವ ಜಾಗಕ್ಕೇ ಚುಚ್ಚಿ, ಅವುಗಳ ಚಲನೆಯನ್ನು ಮಾತ್ರ ಅಡಗಿಸಿತ್ತು. ಫಾಬ್ರನು ಲೇಖನಿಯ ಉಕ್ಕಿನ ಮೊನೆಯಿಂದ ಅದೇ ಸ್ಥಳಕ್ಕೆ ಅಮೋನಿಯಾ ದ್ರವವನ್ನು ಸೇರಿಸಿ ಅದೇ ಪರಿಣಾಮವನ್ನು ತೋರಿಸಿಕೊಟ್ಟನು. ಮೊಟ್ಟೆಯಿಂದ ಹೊರಬರುವ ಮರಿಗೆ ಕೊಳೆಯದ, ಆದರೆ ಅದನ್ನು ಘಾಸಿಗೊಳಿಸದ ಆಹಾರ ಬೇಕು. ತಾಯಿ ಕಣಜ ಅದನ್ನೇ ಸಿದ್ಧಪಡಿಸಿತ್ತು. 1855ರಲ್ಲಿ ಪ್ರಕಟವಾದ ಈ ಸಂಶೋಧನೆಗೆ ಮರುವರ್ಷ ಫ್ರಾನ್ಸಿನ ವಿದ್ವತ್ಸಂಸ್ಥೆಯ ಬಹುಮಾನ ದೊರೆಯಿತು. ತನ್ನ ಊಹೆ ಬಿದ್ದುಹೋದರೂ ದ್ಯುಫೂರನು ಕಿರಿಯನನ್ನು ಮನಸಾರೆ ಪ್ರೋತ್ಸಾಹಿಸಿದನು.

ಕೀರ್ತಿ ಬಂದಿತು, ಬಡತನ ತೊಲಗಲಿಲ್ಲ. ಫಾಬ್ರನು ಸಂಜೆಯ ತರಗತಿಗಳಲ್ಲಿ ಹೆಣ್ಣುಮಕ್ಕಳಿಗೂ ವಿಜ್ಞಾನವನ್ನು ಬೋಧಿಸಿದನು. ಹೂಗಳು ಕಾಯಿಕಟ್ಟುವ ಬಗೆಯನ್ನೂ ವಿವರಿಸಿದನು. ಸಂಪ್ರದಾಯಸ್ಥರು ಇದನ್ನು ಸಹಿಸಲಿಲ್ಲ. ವಾಸದ ಮನೆಯನ್ನೂ ಬಿಡಬೇಕಾಗಿ ಬಂದು, 1870ರ ವೇಳೆಗೆ ಸಂಸಾರದೊಡನೆ ಅವನು ನಿರ್ಗತಿಕನಾದನು. ಆಗ ಇಂಗ್ಲೆಂಡಿನ ತತ್ತ್ವಜ್ಞಾನಿ ಜಾನ್ ಸ್ಟುವರ್ಟ್ ಮಿಲ್ 3000 ಫ್ರಾಂಕುಗಳನ್ನು ಸಾಲವಾಗಿ ಕೊಟ್ಟು ನೆರವಾದನು. ಫಾಬ್ರನು ಶಾಲಾಪುಸ್ತಕಗಳನ್ನು ಬರೆದು ಸಂಸಾರ ಸಾಗಿಸಿದನು, ಸಾಲವನ್ನೂ ತೀರಿಸಿದನು. 1877ರಲ್ಲಿ ಅವನ ಜೊತೆ ಕೀಟಗಳನ್ನು ಅರಸುತ್ತಿದ್ದ ಮಗ ಝ್ಯೂಲ್ ಹದಿಹರೆಯದಲ್ಲೇ ತೀರಿಕೊಂಡನು. ದುಃಖತಪ್ತನಾದ ತಂದೆ ತಾನು ಕಂಡ ಹೊಸ ಕಣಜಗಳಿಗೆ ಮಗನ ಹೆಸರನ್ನಿಟ್ಟನು.

1879ರಲ್ಲಿ ಸೆರಿನ್ಯಾನ್ ಎಂಬ ಹಳ್ಳಿಯಲ್ಲಿ ಮುಳ್ಳುಪೊದೆಗಳು ಬೆಳೆದ ಕಲ್ಲುನೆಲವೊಂದನ್ನು ಅವನು ಕೊಂಡನು. ರೈತನಿಗೆ ಬೇಡವಾದ ಆ ಬೀಳುಭೂಮಿ ಕಣಜಗಳಿಗೂ ಜೇನುಹುಳುಗಳಿಗೂ ತವರಾಗಿತ್ತು. ಮಣ್ಣಿನ ಕುಡಿಕೆ ಕಟ್ಟುವ ಕಣಜದ ಗೂಡನ್ನು ಅವನು ಜೋಪಾನವಾಗಿ ತೆರೆದು ನೋಡಿದನು. ಒಳಗಿನ ಹುಳುಗಳು ಅರೆಜೀವವಾಗಿ ಮಿಸುಕಾಡುತ್ತಿದ್ದವು. ಅವುಗಳ ಹೊರಳಾಟಕ್ಕೆ ಸಿಕ್ಕದಂತೆ, ಕಣಜದ ಮೊಟ್ಟೆ ಚಾವಣಿಯಿಂದ ನವಿರಾದ ಎಳೆಯೊಂದಕ್ಕೆ ತೂಗುಬಿದ್ದಿತ್ತು. ಮೊಟ್ಟೆಯೊಡೆದು ಬಂದ ಮರಿ ತಲೆಕೆಳಗಾಗಿ ಜೋತು, ಹುಳುಗಳನ್ನು ಮೆಲ್ಲಮೆಲ್ಲನೆ ತಿಂದು ಬೆಳೆಯುತ್ತಿತ್ತು. ಹುಳು ಕಣಜವಾಗಲಿಲ್ಲ, ಕಣಜದ ಮರಿಗೆ ಆಹಾರವಾಯಿತು.

ಇಷ್ಟು ನಿಪುಣವಾದ ಕೀಟಕ್ಕೆ ವಿವೇಚನೆಯುಂಟೆ? ಇದನ್ನೂ ಫಾಬ್ರನು ಪರೀಕ್ಷಿಸಿದನು. ಒಂದು ಕಣಜ ತಾನು ತಂದ ಮಿಡತೆಯಂತಹ ಚಿಮ್ಮಂಡೆಯನ್ನು ಬಿಲದ ಬಾಗಿಲಲ್ಲಿ ಬಿಟ್ಟು, ಒಳಗೆಲ್ಲ ನೋಡಿ ಬಂದು, ಬಳಿಕ ಅದನ್ನು ಎಳೆದುಕೊಳ್ಳುವ ವಾಡಿಕೆಯುಳ್ಳದ್ದು. ಅದು ಒಳಗಿದ್ದಾಗ ಫಾಬ್ರನು ಬೇಟೆಯನ್ನು ತುಸು ದೂರ ಸರಿಸಿದನು. ಕಣಜ ಅದನ್ನು ಮತ್ತೆ ಬಾಗಿಲಿಗೆ ತಂದು, ಮತ್ತೆ ಒಳಗೆ ಇಣುಕಿತು. ಸುಮಾರು ನಲವತ್ತು ಸಲ ಹೀಗೆಯೇ ನಡೆಯಿತು. ಹುಟ್ಟರಿವು ತನ್ನ ಹಾದಿಯಲ್ಲಿ ಅದ್ಭುತ, ಹಾದಿ ತಪ್ಪಿದರೆ ಕುರುಡು ಎಂದು ಅವನು ತೀರ್ಮಾನಿಸಿದನು.

ಈ ಅನುಭವಗಳನ್ನೆಲ್ಲ ಅವನು 1879ರಿಂದ 1907ರವರೆಗೆ ಹತ್ತು ಸಂಪುಟಗಳಲ್ಲಿ ತಿಳಿಯಾದ ಭಾಷೆಯಲ್ಲಿ ಬರೆದನು. ಡಾರ್ವಿನ್ನನು ಅವನ ವೀಕ್ಷಣಾಶಕ್ತಿಯನ್ನು ಕೊಂಡಾಡಿದನು. ಫಾಬ್ರನಾದರೋ ವಿಕಾಸವಾದವನ್ನು ಕೊನೆಯವರೆಗೂ ಒಪ್ಪಲಿಲ್ಲ. ಕಣಜದ ಕುಟುಕು ಅವನು ತಿಳಿದಷ್ಟು ಕರಾರುವಾಕ್ಕಾಗಿ ಸದಾ ಇರುವುದಿಲ್ಲವೆಂದು ಮುಂದಿನವರು ಕಂಡರು. ಕಂಡುದನ್ನು ಮತ್ತೆ ಪರೀಕ್ಷಿಸಬೇಕೆಂಬ ಅವನ ಮಾರ್ಗವೇ ಅವನ ತಪ್ಪುಗಳನ್ನೂ ತಿದ್ದಿತು. 1915ರ ಅಕ್ಟೋಬರ್ 11ರಂದು, ತೊಂಬತ್ತೊಂದನೆಯ ವಯಸ್ಸಿನಲ್ಲಿ, ಅವನು ಸೆರಿನ್ಯಾನಿನಲ್ಲೇ ಕೊನೆಯುಸಿರೆಳೆದನು.

ಇಂದು ಕಬ್ಬಿನ ಕಾಂಡಕೊರಕದ ಮೊಟ್ಟೆಗಳನ್ನು ನಾಶಪಡಿಸಲು ಕಣ್ಣಿಗೆ ಕಾಣುವುದೇ ಕಷ್ಟವೆನ್ನುವಷ್ಟು ಚಿಕ್ಕ ಕಣಜಗಳನ್ನು ಹೊಲಗಳಲ್ಲಿ ಬಿಡುತ್ತಾರೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್‌ಕರ್ ಅವರು ಗುಂಪಾಗಿ ಬಾಳುವ ಕಣಜಗಳ ಸಮಾಜವನ್ನು ದಶಕಗಳ ಕಾಲ ಅಭ್ಯಸಿಸಿದ್ದಾರೆ. ಕ್ಷುದ್ರವೆಂದು ಕಡೆಗಣಿಸಿದ ಜೀವಿಯಲ್ಲಿಯೂ ಅರಿಯಬೇಕಾದುದು ಅಪಾರವಾಗಿದೆ. ಅದನ್ನು ಅರಿಯಲು ಫಾಬ್ರನ ಬಳಿ ಹಣವಿರಲಿಲ್ಲ, ಬೆಲೆಬಾಳುವ ಉಪಕರಣಗಳಿರಲಿಲ್ಲ. ಇದ್ದುವು ತೆರೆದ ಕಣ್ಣು, ದಣಿಯದ ತಾಳ್ಮೆ.