ಅರ್ಧ ಅಡಿಯ ಜಗಳ: ವಿಶ್ವೇಶ್ವರಯ್ಯನವರ ಜೀವನವನ್ನು ಮತ್ತೊಮ್ಮೆ ಪಾಠ ಮಾಡಿದಾಗ

ಬೋಧನಾಭ್ಯಾಸದ ವೀಕ್ಷಣೆಗೆ ಶಾಲೆಯಿಂದ ಶಾಲೆಗೆ ಅಲೆಯುವ ನಮ್ಮಂಥವರಿಗೆ ಸೆಪ್ಟೆಂಬರ್ ತಿಂಗಳಲ್ಲಿ ಒಂದು ಪಾಠ ತಪ್ಪದೆ ಎದುರಾಗುತ್ತದೆ. ಸೆಪ್ಟೆಂಬರ್ 15 ಸರ್ ಎಂ. ವಿಶ್ವೇಶ್ವರಯ್ಯನವರ ಜನ್ಮದಿನ. ಆ ವಾರ ಸಮಾಜ ವಿಜ್ಞಾನದ ಪ್ರಶಿಕ್ಷಣಾರ್ಥಿಗಳಲ್ಲಿ ಒಬ್ಬರಾದರೂ ಅವರ ಜೀವನವನ್ನು ಪಾಠಕ್ಕೆ ಆರಿಸಿಕೊಳ್ಳುತ್ತಾರೆ. ಪಾಠಯೋಜನೆಯ ಕ್ರಮವೂ ಬಹುಮಟ್ಟಿಗೆ ಒಂದೇ: ಜನನ, ಬಡತನ, ವಿದ್ಯಾಭ್ಯಾಸ, ಹುದ್ದೆಗಳು, ಕನ್ನಂಬಾಡಿ, ಭಾರತರತ್ನ. ಬೀದಿದೀಪದ ಕಥೆಯನ್ನು ಸೇರಿಸಿದರೆ ಪಾಠ ಮುಗಿಯಿತು.

ಮಂಡ್ಯ ಜಿಲ್ಲೆಯ ನಾಲೆ ಬಯಲಿನ ಒಂದು ಪ್ರೌಢಶಾಲೆಯಲ್ಲಿ ನಮ್ಮ ಪ್ರಶಿಕ್ಷಣಾರ್ಥಿಯೊಬ್ಬರು ಈ ಪಾಠವನ್ನು ಒಂಬತ್ತನೆಯ ತರಗತಿಗೆ ಮಾಡಿದರು. ಚಿತ್ರಪಟ ಚೆನ್ನಾಗಿತ್ತು, ಕಪ್ಪುಹಲಗೆಯ ಬರಹ ಅಚ್ಚುಕಟ್ಟಾಗಿತ್ತು. ಪಾಠ ಮುಗಿಯಲು ಐದು ನಿಮಿಷವಿರುವಾಗಲೇ ನಾನು ವೀಕ್ಷಣಾ ಪುಸ್ತಕದಲ್ಲಿ ಉತ್ತಮ ಎಂದು ಬರೆದು ಸಹಿ ಹಾಕಿಬಿಟ್ಟಿದ್ದೆ. ಆಮೇಲೆ ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು, ನಮ್ಮವರು ಕಟ್ಟಿದ ಅಣೆಕಟ್ಟೆಯ ನೀರನ್ನು ತಮಿಳುನಾಡಿನವರಿಗೆ ಯಾಕೆ ಬಿಡಬೇಕು ಎಂದು ಕೇಳಿದ. ತರಗತಿಯ ಅರ್ಧ ಜನ ಬೆಂಚು ಕುಟ್ಟಿದರು. ನಮ್ಮ ಪ್ರಶಿಕ್ಷಣಾರ್ಥಿ ತಬ್ಬಿಬ್ಬಾಗಿ, ಅದು ಈ ಪಾಠಕ್ಕೆ ಸೇರಿದ್ದಲ್ಲ ಎಂದರು. ಮೂರನೆಯ ಸಾಲಿನಲ್ಲಿ ಒಬ್ಬ ಹುಡುಗಿ ತಲೆ ತಗ್ಗಿಸಿ ಪುಸ್ತಕದ ಅಂಚನ್ನು ಗೀಚುತ್ತಿದ್ದಳು. ಅವಳ ಅಪ್ಪ ಅಮ್ಮ ಮೆಟ್ಟೂರಿನ ಕಡೆಯಿಂದ ಆಲೆಮನೆ ಕೆಲಸಕ್ಕೆ ಬಂದವರು ಎಂದು ಮುಖ್ಯೋಪಾಧ್ಯಾಯರು ಆಮೇಲೆ ಹೇಳಿದರು.

ಆ ಪ್ರಶ್ನೆ ಪಾಠಕ್ಕೆ ಸೇರಿದ್ದೇ. ಪಾಠದ ನಡುಭಾಗವೇ ಅದು, ಅದನ್ನು ಬಿಟ್ಟು ನಾವು ಅಂಚನ್ನು ಮಾತ್ರ ಕಲಿಸುತ್ತಿದ್ದೇವೆ. ಮರುದಿನ ಅದೇ ತರಗತಿಗೆ ಮಾದರಿ ಪಾಠ ಮಾಡುತ್ತೇನೆಂದು ನಾನೇ ಒಪ್ಪಿಕೊಂಡೆ. ಅಂದು ಹೇಳಿದ ಜೀವನಕಥೆ ಇದು.

ಬಾಲ್ಯವನ್ನು ಎರಡು ನಿಮಿಷದಲ್ಲಿ ಮುಗಿಸಿದೆ. 1861ರಲ್ಲಿ ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿಯಲ್ಲಿ ಹುಟ್ಟಿದವರು. ಚಿಕ್ಕವರಿದ್ದಾಗಲೇ ತಂದೆಯನ್ನು ಕಳೆದುಕೊಂಡವರು. ಮನೆಪಾಠ ಹೇಳಿಕೊಂಡು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ 1881ರಲ್ಲಿ ಬಿ.ಎ. ಮುಗಿಸಿದವರು. ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿ ಪುಣೆಗೆ ಹೋಗಿ ಎಂಜಿನಿಯರಿಂಗ್ ಓದಿದರು. 1884ರಲ್ಲಿ ಮುಂಬಯಿ ಪ್ರಾಂತ್ಯದ ಲೋಕೋಪಯೋಗಿ ಇಲಾಖೆ ಸೇರಿದರು.

ಇಲ್ಲಿ ನಿಧಾನಿಸಿದೆ. ಪುಣೆ ಕಡೆಯ ನಾಲೆಗಳಲ್ಲಿ ಅವರು ಕಂಡದ್ದು ನಮ್ಮ ಮಕ್ಕಳಿಗೂ ಗೊತ್ತಿರುವ ಸಂಗತಿ. ನಾಲೆಯ ತಲೆಯಲ್ಲಿರುವ ಹಳ್ಳಿಯವರು ಕಬ್ಬಿಗೆ ಬೇಕಾದಷ್ಟು ನೀರು ಕಟ್ಟುತ್ತಾರೆ, ಬಾಲದ ಹಳ್ಳಿಗೆ ತೇವವೂ ಮುಟ್ಟುವುದಿಲ್ಲ. ಇದಕ್ಕೆ ಅವರು ರೂಪಿಸಿದ್ದು ಬ್ಲಾಕ್ ಪದ್ಧತಿ. ಒಂದೊಂದು ಹಳ್ಳಿಯಲ್ಲಿ ಇಷ್ಟೇ ಜಮೀನು ಎಂದು ಗುರುತು ಮಾಡಿ, ಅದರೊಳಗೆ ಕಬ್ಬು ಮತ್ತು ಕಡಿಮೆ ನೀರಿನ ಬೆಳೆಗಳನ್ನು ಸರದಿಯಂತೆ ಬೆಳೆಸಿ, ಅದೇ ನೀರನ್ನು ಹೆಚ್ಚು ಹಳ್ಳಿಗಳಿಗೆ ಹಂಚುವುದು. ಮೊದಲೇ ನೀರು ಹಿಡಿದು ಕೂತಿದ್ದವರು ಇದನ್ನು ಇಷ್ಟಪಡಲಿಲ್ಲ. ನಿಮ್ಮೂರಿನ ನಾಲೆಯಲ್ಲಿ ತಲೆ ಯಾರು, ಬಾಲ ಯಾರು ಎಂದು ಕೇಳಿದೆ. ನಿನ್ನೆ ಬೆಂಚು ಕುಟ್ಟಿದವರಲ್ಲಿ ಇಬ್ಬರು ತಾವು ಬಾಲದವರೆಂದೂ ತಲೆಯವರು ರಾತ್ರಿ ತೂಬು ಎತ್ತುತ್ತಾರೆಂದೂ ದೂರಿದರು. ಆ ದೂರನ್ನು ಹಲಗೆಯ ಮೂಲೆಯಲ್ಲಿ ಬರೆದಿಟ್ಟೆ. ಮುಂದೆ ಬೇಕಾಗುತ್ತದೆಂದು ಗೊತ್ತಿತ್ತು.

ಖಡಕ್‌ವಾಸ್ಲಾ ಅಣೆಕಟ್ಟೆಗೆ ಅವರು ಕೂರಿಸಿದ ಸ್ವಯಂಚಾಲಿತ ಗೇಟುಗಳ ವಿಷಯ ಪ್ರಶಿಕ್ಷಣಾರ್ಥಿಯೇ ಚೆನ್ನಾಗಿ ಹೇಳಿದ್ದರಿಂದ ಬಿಟ್ಟೆ. ನೇರವಾಗಿ ಹೈದರಾಬಾದಿಗೆ ಹೋದೆ. 1908ರ ಸೆಪ್ಟೆಂಬರ್ 28ರಂದು ಮೂಸಿ ನದಿ ಉಕ್ಕಿ ಹೈದರಾಬಾದ್ ನಗರವನ್ನೇ ಕೊಚ್ಚಿಹಾಕಿತು, ಸಾವಿರಾರು ಜನ ಸತ್ತರು. ಆ ಹೊತ್ತಿಗೆ ಮುಂಬಯಿಯ ನೌಕರಿ ಬಿಟ್ಟಿದ್ದ ವಿಶ್ವೇಶ್ವರಯ್ಯನವರನ್ನು ನಿಜಾಮರ ಸರ್ಕಾರ ಕರೆಸಿಕೊಂಡಿತು. ನಗರದೊಳಗೆ ಗೋಡೆ ಕಟ್ಟಿದರೆ ಸಾಲದು, ಮೇಲೆಯೇ ನೀರು ತಡೆಯಬೇಕು ಎಂಬುದು ಅವರ ಸಲಹೆಯ ಸಾರ. ಅದರಂತೆ ಮುಂದೆ ಮೂಸಿಗೆ ಉಸ್ಮಾನ್ ಸಾಗರ, ಅದರ ಉಪನದಿ ಈಸಿಗೆ ಹಿಮಾಯತ್ ಸಾಗರ ಬಂದವು. ನಕ್ಷೆಯಲ್ಲಿ ನದಿಯ ಮೇಲ್ಭಾಗ, ನಗರ, ಕೆಳಭಾಗ ಮೂರಕ್ಕೂ ಮಕ್ಕಳಿಂದ ಒಂದೇ ಬಣ್ಣ ಹಾಕಿಸಿದೆ. ಇಡೀ ನದಿ ಒಬ್ಬ ದೊರೆಯ ಕೈಯಲ್ಲಿತ್ತು. ಎಂಜಿನಿಯರ್ ಬರೆದುಕೊಟ್ಟ, ದೊರೆ ಒಪ್ಪಿದ, ಕೆಲಸ ನಡೆಯಿತು.

1909ರ ಕೊನೆಗೆ ಅವರು ಮೈಸೂರಿನ ಮುಖ್ಯ ಎಂಜಿನಿಯರ್ ಆದರು. ಈಗ ಕಾವೇರಿಯ ನಕ್ಷೆಗೆ ಬಣ್ಣ ಹಾಕಿ ಎಂದೆ. ಒಂದು ಬಣ್ಣ ಸಾಲಲಿಲ್ಲ. ತಲಕಾವೇರಿ ಇರುವ ಕೊಡಗು ಆಗ ಬ್ರಿಟಿಷರ ಬೇರೆಯೇ ಪ್ರಾಂತ್ಯ. ನಡುವೆ ಮಹಾರಾಜರ ಮೈಸೂರು. ಕಬಿನಿ ಹುಟ್ಟುವ ವಯನಾಡು ಮದ್ರಾಸ್ ಪ್ರಾಂತ್ಯದ ಮಲಬಾರಿಗೆ ಸೇರಿತ್ತು. ಕೆಳಗೆ ಸೇಲಂ, ತಿರುಚಿ, ತಂಜಾವೂರು, ಎಲ್ಲ ಮದ್ರಾಸಿನದೇ. ಕಡಲ ಅಂಚಿನ ಕಾರೈಕಾಲ್ ಫ್ರೆಂಚರದು. ನೀರಿಗೆ ಇವು ಯಾವುದೂ ತಿಳಿಯದು. ಅದು ಇಳಿಜಾರು ನೋಡಿಕೊಂಡು ಹರಿಯುತ್ತದೆ.

ಮೈಸೂರಿಗೆ ಅಣೆಕಟ್ಟೆ ಯಾಕೆ ಬೇಕಿತ್ತು ಎಂಬುದನ್ನು ಮಕ್ಕಳು ತಾವೇ ಹೇಳಿದರು: ಮಂಡ್ಯದ ಬಯಲು ಮಳೆ ನಂಬಿಕೊಂಡಿತ್ತು. ಇನ್ನೊಂದು ಕಾರಣ ನಾನು ಸೇರಿಸಿದೆ. 1902ರಿಂದ ಶಿವನಸಮುದ್ರದ ವಿದ್ಯುತ್ತು ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತು, ಬೇಸಿಗೆಯಲ್ಲಿ ಹೊಳೆ ಬಡವಾದರೆ ವಿದ್ಯುತ್ತೂ ಬಡವಾಗುತ್ತಿತ್ತು. ಹೀಗಾಗಿ ಕನ್ನಂಬಾಡಿಯಲ್ಲಿ 41.5 ಟಿಎಂಸಿ ಹಿಡಿಯುವ ಜಲಾಶಯದ ಯೋಜನೆ ಸಿದ್ಧವಾಯಿತು. ಒಂದು ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ.

ಮದ್ರಾಸ್ ಯಾಕೆ ಬೇಡ ಎಂದಿತು? ನಮ್ಮ ಪಾಠಗಳಲ್ಲಿ ಈ ಭಾಗ ಒಂದೇ ವಾಕ್ಯದಲ್ಲಿ ತೀರಿಹೋಗುತ್ತದೆ: ಮದ್ರಾಸ್ ಸರ್ಕಾರ ಅಡ್ಡಿಪಡಿಸಿತು. ಖಳನಾಯಕನೊಬ್ಬ ಸಿಕ್ಕರೆ ಪಾಠ ಸುಲಭ, ನಿಜ. ಆದರೆ ತಂಜಾವೂರಿನ ರೈತ ಕಾವೇರಿ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದುದು ಚೋಳರ ಕಾಲದಿಂದ. ಜೂನ್, ಜುಲೈನಲ್ಲಿ ಅವನ ಊರಲ್ಲಿ ಹೇಳಿಕೊಳ್ಳುವಂಥ ಮಳೆಯಿಲ್ಲ. ಅವನ ಕುರುವೈ ನಾಟಿಗೆ ಬರುವುದು ಕೊಡಗಿನಲ್ಲಿ ಬಿದ್ದ ಮಳೆ. ಅದೇ ತಿಂಗಳಲ್ಲಿ ಮೇಲಿನವನು ಜಲಾಶಯ ತುಂಬಿಸಿಕೊಳ್ಳುತ್ತ ಕೂತರೆ ಅವನ ಸಸಿಮಡಿ ಒಣಗುತ್ತದೆ. ಜೊತೆಗೆ ಮದ್ರಾಸಿಗೂ ತನ್ನದೇ ಲೆಕ್ಕವಿತ್ತು: ಮೆಟ್ಟೂರಿನಲ್ಲಿ 80 ಟಿಎಂಸಿಯ ಜಲಾಶಯ ಕಟ್ಟುವ ಆಸೆ. ಹಲಗೆಯ ಮೂಲೆಯಲ್ಲಿದ್ದ ಬಾಲದವರ ದೂರಿಗೆ ಇಲ್ಲಿ ಬೆರಳು ತೋರಿಸಿದೆ, ಬೇರೇನೂ ಹೇಳಲಿಲ್ಲ.

ಒಂದು ಕರಾರು ಮೊದಲೇ ಇತ್ತು, 1892ರದು. ಪಟ್ಟಿಯಲ್ಲಿರುವ ನದಿಗಳ ಮೇಲೆ ಮೈಸೂರು ಹೊಸ ಕಟ್ಟೆ ಕಟ್ಟಬೇಕಾದರೆ ಮದ್ರಾಸಿನ ಒಪ್ಪಿಗೆ ಬೇಕು, ಆಗಲೇ ರೂಢಿಯಲ್ಲಿರುವ ಹಕ್ಕನ್ನು ಕಾಪಾಡುವುದಕ್ಕಲ್ಲದೆ ಮದ್ರಾಸ್ ಒಪ್ಪಿಗೆ ನಿರಾಕರಿಸಬಾರದು, ಜಗಳವಾದರೆ ಪಂಚಾಯಿತಿ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ರೂಢಿಯ ಹಕ್ಕು ಎಷ್ಟು ನೀರು ಎಂದು ಅಳೆದು ಬರೆದಿರಲಿಲ್ಲ.

ಕೊನೆಗೆ ಮದ್ರಾಸ್ ಒಪ್ಪಿದ್ದು ಮೊದಲ ಹಂತದ 11 ಟಿಎಂಸಿಗೆ. 1911ರ ನವೆಂಬರಿನಲ್ಲಿ ಕೆಲಸ ಶುರುವಾಯಿತು. ಆದರೆ ಬುನಾದಿ ಹಾಕಿದ್ದು 11 ಟಿಎಂಸಿಯ ಗಿಡ್ಡ ಕಟ್ಟೆಗಲ್ಲ, 41.5 ಟಿಎಂಸಿಯ ಎತ್ತರದ ಕಟ್ಟೆಯನ್ನು ಹೊರುವಷ್ಟು ಅಗಲಕ್ಕೆ.

ಇಲ್ಲಿ ಪಾಠ ನಿಲ್ಲಿಸಿ, ಇದು ಜಾಣತನವೋ ಮೋಸವೋ ಎಂದು ಕೇಳಿದೆ. ಗದ್ದಲವಾಯಿತು. ಮೊದಲೇ ಅಗಲ ಬುನಾದಿ ಹಾಕದಿದ್ದರೆ ಆಮೇಲೆ ಎತ್ತರಿಸಲು ಆಗುವುದಿಲ್ಲ, ಅದಕ್ಕೆ ಜಾಣತನ ಎಂದರು ಕೆಲವರು. ನಮ್ಮ ಗದ್ದೆ ಪಕ್ಕದವನು ಒಂದಂತಸ್ತಿಗೆ ಒಪ್ಪಿಗೆ ಕೇಳಿ ಮೂರಂತಸ್ತಿನ ಪಾಯ ತೋಡಿದರೆ ನಾನು ಸುಮ್ಮನಿರುತ್ತೇನಾ ಎಂದ ಒಬ್ಬ. ನನಗೆ ಎರಡೂ ಸರಿಯೆನಿಸುತ್ತದೆ. ಎಂಜಿನಿಯರಾಗಿ ಅವರು ಬೇರೆ ರೀತಿ ಮಾಡುವಂತಿರಲಿಲ್ಲ. ಆದರೆ ಕೆಳಗಿನವರ ಕಣ್ಣಿಗೆ ಆ ಬುನಾದಿಯೇ ಮೈಸೂರಿನ ಮನಸ್ಸಿನಲ್ಲಿ ಏನಿದೆ ಎಂದು ಹೇಳಿಬಿಟ್ಟಿತು. ಮಹನೀಯರ ಪಾಠದಲ್ಲಿ ಇಂಥ ಪ್ರಶ್ನೆ ಕೇಳಬಹುದೇ ಎಂದು ನಮ್ಮ ಪ್ರಶಿಕ್ಷಣಾರ್ಥಿ ಆಮೇಲೆ ಅನುಮಾನ ಪಟ್ಟರು. ಕೇಳಿದ್ದರಿಂದ ವಿಶ್ವೇಶ್ವರಯ್ಯನವರು ಚಿಕ್ಕವರಾಗಲಿಲ್ಲ. ಮಕ್ಕಳಿಗೆ ಅವರು ಮೊದಲ ಬಾರಿಗೆ ಯೋಚನೆ ಮಾಡುವ ಮನುಷ್ಯರಾಗಿ ಕಂಡರು.

ಮದ್ರಾಸ್ ಸಿಟ್ಟಾಯಿತು, ಜಗಳ ಪಂಚಾಯಿತಿಗೆ ಹೋಯಿತು. ಅಷ್ಟರಲ್ಲಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದರು. 1913ರಲ್ಲಿ ನ್ಯಾಯಮೂರ್ತಿ ಗ್ರಿಫಿನ್ ವಿಚಾರಣೆ ಆರಂಭಿಸಿದರು, ಜೊತೆಗೆ ನೀರಾವರಿ ಬಲ್ಲ ನೆದರ್‌ಸೋಲ್. 1914ರ ಮೇ 12ರಂದು ತೀರ್ಪು ಬಂತು. ಅದರ ಜೀವಾಳ ಒಂದು ಅಳತೆಕೋಲು. ತಿರುಚಿರಾಪಳ್ಳಿಯ ಹತ್ತಿರ ಅಪ್ಪರ್ ಆನಿಕಟ್ ಎಂಬ ಹಳೆಯ ಒಡ್ಡು ಇದೆ. ಅಲ್ಲಿನ ಕಾವೇರಿ ಕಟ್ಟೆಯ ಅಳತೆಕೋಲಿನಲ್ಲಿ ನೀರು ಇಷ್ಟು ಅಡಿ ನಿಲ್ಲುವಂತೆ ನೋಡಿಕೊಂಡ ಮೇಲೆಯೇ ಮೈಸೂರು ಕನ್ನಂಬಾಡಿಯಲ್ಲಿ ನೀರು ಕೂಡಿಡಬಹುದು. ಎಷ್ಟು ಅಡಿ? ವಾದ ಇದ್ದದ್ದು ಆರೂವರೆಯೋ ಏಳೋ ಎಂಬುದರ ಮೇಲೆ. ಗ್ರಿಫಿನ್ ಆರೂವರೆ ಎಂದರು. ಅರ್ಧ ಅಡಿಗೆ ಎರಡು ಸರ್ಕಾರಗಳು ವರ್ಷಗಟ್ಟಲೆ ಕಾಗದ ಬರೆದವು ಎಂದಾಗ ಮಕ್ಕಳು ನಕ್ಕರು. ಹೊಳೆಯ ಅಗಲಕ್ಕೆ, ಹಗಲೂ ರಾತ್ರಿ, ತಿಂಗಳುಗಟ್ಟಲೆ ಹರಿಯುವ ಅರ್ಧ ಅಡಿ ಎಷ್ಟು ಗದ್ದೆಯ ನೀರು ಎಂದು ಯೋಚಿಸಲು ಹೇಳಿದ ಮೇಲೆ ನಗು ನಿಂತಿತು.

1916ರಲ್ಲಿ ಭಾರತ ಸರ್ಕಾರ ತೀರ್ಪನ್ನು ಒಪ್ಪಿತು. ಮದ್ರಾಸ್ ಲಂಡನ್ನಿಗೆ ದೂರು ಒಯ್ದಿತು; 1919ರಲ್ಲಿ ಅಲ್ಲಿನ ಭಾರತ ಸಚಿವರು ತೀರ್ಪನ್ನು ತಡೆದರು. ಅಷ್ಟು ಹೊತ್ತಿಗೆ ವಿಶ್ವೇಶ್ವರಯ್ಯನವರು ದಿವಾನಗಿರಿಯಲ್ಲಿ ಇರಲಿಲ್ಲ. ಹಿಂದುಳಿದ ವರ್ಗಗಳಿಗೆ ನೌಕರಿಯಲ್ಲಿ ಮೀಸಲು ಕೊಡುವ ವಿಷಯದಲ್ಲಿ ಅವರಿಗೂ ಮಹಾರಾಜರಿಗೂ ಮನಸ್ಸು ಕೂಡಲಿಲ್ಲ, 1918ರ ಕೊನೆಗೆ ಹುದ್ದೆ ಬಿಟ್ಟರು. ಈ ಸಂಗತಿಯನ್ನು ನಮ್ಮ ಪಾಠಯೋಜನೆಗಳು ಜಾಣತನದಿಂದ ನುಂಗಿಬಿಡುತ್ತವೆ. ಮೈಸೂರಿನ ಸಾಮಾಜಿಕ ಇತಿಹಾಸದಲ್ಲಿ ಮಹಾರಾಜರು ಹಿಡಿದ ದಾರಿಯೇ ಸರಿಯಿತ್ತೆಂಬುದು ನನ್ನ ಅಭಿಪ್ರಾಯ.

ಒಪ್ಪಂದವಾದದ್ದು 1924ರ ಫೆಬ್ರವರಿ 18ರಂದು. ಮೈಸೂರಿನ ಪರವಾಗಿ ಸಹಿ ಹಾಕಿದವರು ಆಗಿನ ದಿವಾನರಾದ ಬ್ಯಾನರ್ಜಿ. ಕನ್ನಂಬಾಡಿ 44.827 ಟಿಎಂಸಿಯವರೆಗೆ, ಮೆಟ್ಟೂರು 93.5 ಟಿಎಂಸಿಯವರೆಗೆ, ಅವುಗಳ ಕೆಳಗೆ ಹೊಸದಾಗಿ ಮೈಸೂರಿಗೆ 1,25,000 ಎಕರೆ, ಮದ್ರಾಸಿಗೆ 3,01,000 ಎಕರೆ ನೀರಾವರಿ. ಅಳತೆಕೋಲಿನ ನಿಯಮ ಒಪ್ಪಂದದೊಳಗೆ ಬಂತು, 50 ವರ್ಷವಾದ ಮೇಲೆ ಕೆಲವು ಅಂಶಗಳನ್ನು ಮತ್ತೆ ನೋಡಬೇಕೆಂಬ ಮಾತೂ ಬಂತು. 1911ರಲ್ಲಿ ತೋಡಿದ ಅಗಲ ಬುನಾದಿಯ ಮೇಲೆ ಕಟ್ಟೆ ಪೂರ್ತಿ ಎತ್ತರಕ್ಕೆ ಏರಿದ್ದು ಈ ಕಾಗದದ ನಂತರ. 1934ರಲ್ಲಿ ಮೆಟ್ಟೂರು ಮುಗಿಯಿತು. ಒಂದೇ ಒಪ್ಪಂದದ ಎರಡು ಮಕ್ಕಳು ಇವು ಎಂದೆ. ಮೂರನೆಯ ಸಾಲಿನ ಹುಡುಗಿ ತಲೆ ಎತ್ತಿ, ಮೆಟ್ಟೂರು ತನ್ನ ಅಜ್ಜಿಯ ಊರಿನ ಹತ್ತಿರ ಎಂದಳು. ಅಲ್ಲಿಯ ಕಟ್ಟೆ ನಮ್ಮದಕ್ಕಿಂತ ದೊಡ್ಡದಾ ಎಂದು ಹಿಂದಿನ ಬೆಂಚಿನಿಂದ ಯಾರೋ ಕೇಳಿದರು. ಹೌದು ಎಂದಳು.

ವಿಶ್ವೇಶ್ವರಯ್ಯನವರು 1962ರವರೆಗೆ ಬದುಕಿದ್ದರು. ಅಂತರರಾಜ್ಯ ನದಿ ವಿವಾದಗಳಿಗೆಂದು 1956ರಲ್ಲಿ ಕಾನೂನು ಬಂದದ್ದು ಅವರ ಜೀವಿತದಲ್ಲೇ. 1974 ಹೊಸ ಒಪ್ಪಂದವಿಲ್ಲದೆ ಕಳೆದದ್ದು, 1990ರ ನ್ಯಾಯಮಂಡಳಿ, 2007ರ ಅದರ ತೀರ್ಪು, ಕರ್ನಾಟಕಕ್ಕೆ 284.75, ತಮಿಳುನಾಡಿಗೆ 404.25, ಕೇರಳಕ್ಕೆ 30, ಪುದುಚೇರಿಗೆ 7 ಟಿಎಂಸಿ ಎಂದ 2018ರ ಸುಪ್ರೀಂ ಕೋರ್ಟಿನ ತೀರ್ಪು, ಆಮೇಲೆ ಬಂದ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರ, ಇವನ್ನು ಕಾಲರೇಖೆಯಲ್ಲಿ ಬರೆದು ತೋರಿಸಿದೆನಷ್ಟೆ.

ಉಳಿದ ಹತ್ತು ನಿಮಿಷಕ್ಕೆ ಚಟುವಟಿಕೆ. ಎರಡು ಪ್ಲಾಸ್ಟಿಕ್ ಟಬ್ಬು, ನಡುವೆ ರಬ್ಬರ್ ಕೊಳವೆ, ಕೆಳಗಿನ ಟಬ್ಬಿನಲ್ಲಿ ಅಡಿಪಟ್ಟಿ. ಅಡಿಗೆ ಬದಲು ಅಂಗುಲ. ಮೇಲಿನ ಟಬ್ಬಿಗೆ ಕೊಡಗಿನ ಗುಂಪು ಮಗ್ಗಿನಲ್ಲಿ ನೀರು ಸುರಿಯಬೇಕು. ಮೈಸೂರಿನ ಗುಂಪು ಕೊಳವೆಯನ್ನು ಹಿಸುಕಿ ಹಿಡಿಯಬಹುದು, ಆದರೆ ಕೆಳಗೆ ಆರೂವರೆ ಮುಟ್ಟಿದ ಮೇಲೆ ಮಾತ್ರ. ಪ್ರಶ್ನೆ ಕೇಳಿದ್ದ ಹುಡುಗನನ್ನು ಮದ್ರಾಸಿಗೆ ಹಾಕಿದೆ. ಅವನು ಎರಡೇ ನಿಮಿಷದಲ್ಲಿ ಏಳೇ ಬೇಕು ಎಂದು ಹಟ ಹಿಡಿದ. ಅಡಿಪಟ್ಟಿ ಓದುವ ಕೆಲಸ ಮೂರನೆಯ ಸಾಲಿನ ಹುಡುಗಿಯದು. ನೀರು ಅಲುಗಾಡುತ್ತಿದೆ, ನಿಲ್ಲಲಿ, ಆಮೇಲೆ ಹೇಳುತ್ತೇನೆ ಎಂದು ಅವಳು ಎರಡೂ ಕಡೆಯವರನ್ನು ಸುಮ್ಮನಿರಿಸಿದಳು. ಆಮೇಲೆ ಒಬ್ಬ, ಮಗ್ಗಿನಲ್ಲಿ ಅರ್ಧವೇ ನೀರಿದ್ದರೆ ಏನು ಮಾಡೋದು ಎಂದ. ಗ್ರಿಫಿನ್ ಆಗಿದ್ದವರು ಮುಖ ಮುಖ ನೋಡಿಕೊಂಡರು. ಗಂಟೆ ಹೊಡೆಯಿತು.

ವೀಕ್ಷಣಾ ಪುಸ್ತಕದಲ್ಲಿ ನಾನು ಬರೆದಿದ್ದ ಉತ್ತಮವನ್ನು ಹೊಡೆದುಹಾಕಿ, ಮಕ್ಕಳ ಪ್ರಶ್ನೆಯಿಂದ ಪಾಠ ಮುಂದುವರಿಸಬೇಕಿತ್ತು ಎಂದು ಬರೆದೆ. ನಮ್ಮ ಪ್ರಶಿಕ್ಷಣಾರ್ಥಿ ನನ್ನ ಪಾಠದ ಮೇಲೆ ಬರೆದ ಟೀಕೆಯೂ ಅದೇ ಪುಟದಲ್ಲಿದೆ: ಕೊಡಗಿನ ಗುಂಪಿಗೆ ನೀರು ಸುರಿಯುವುದು ಬಿಟ್ಟು ಮಾಡಲು ಏನೂ ಇರಲಿಲ್ಲ, ಅವರು ಬೇಸರದಿಂದ ಕೂತಿದ್ದರು, ಕಾರೈಕಾಲಿಗೆ ಗುಂಪೇ ಇರಲಿಲ್ಲ. ಎರಡೂ ನಿಜ. ಮುಂದಿನ ಸೆಪ್ಟೆಂಬರಿಗೆ ಮೂರನೆಯ ಟಬ್ಬು ಬೇಕು.