ಮನೆಯ ಹಿತ್ತಲಲ್ಲಿ ರೈಲು ಓಡಿಸಿದ ವಾಲ್ಟ್ ಡಿಸ್ನಿ

ಮೂಡುಬಿದಿರೆಯಿಂದ ಮಂಗಳೂರಿಗೆ ಹೋಗುವ ಹೆದ್ದಾರಿಯಲ್ಲಿ ಸಿಗುವ ಮಿಜಾರಿಗೆ ರೈಲು ಬಂದಿಲ್ಲ. ಅಲ್ಲಿನ ಮಕ್ಕಳು ರೈಲು ನೋಡಬೇಕಾದರೆ ಮಂಗಳೂರಿಗೋ ಮೂಲ್ಕಿಗೋ ಹೋಗಬೇಕು. ಆದರೆ ಮಿಕ್ಕಿ ಮೌಸ್ ಎಂಬ ಇಲಿರಾಯ ಮಾತ್ರ ದೂರದರ್ಶನದ ಕಾಲದಲ್ಲೇ ಆ ಊರಿನ ಮನೆಗಳನ್ನೂ ಹೊಕ್ಕಿದ್ದಾನೆ. ಆ ಇಲಿಯನ್ನು ಜಗತ್ತಿಗೆ ಕೊಟ್ಟ ವಾಲ್ಟ್ ಡಿಸ್ನಿ, ತಮ್ಮ ಬದುಕಿನ ನಡುವಯಸ್ಸಿನಲ್ಲಿ ಸಿನಿಮಾವನ್ನು ಅಷ್ಟಿಷ್ಟು ಬದಿಗಿರಿಸಿ, ಲೇತ್ ಯಂತ್ರದ ಮುಂದೆ ನಿಂತು ಪುಟ್ಟ ಉಗಿಬಂಡಿಯೊಂದನ್ನು ಕಟ್ಟಿದರೆಂಬುದು ನಮ್ಮಲ್ಲಿ ಹೆಚ್ಚು ಜನರಿಗೆ ತಿಳಿದಿಲ್ಲ.

ಡಿಸ್ನಿ ಹುಟ್ಟಿದ್ದು 1901ರ ಡಿಸೆಂಬರ್ 5ರಂದು, ಅಮೆರಿಕದ ಶಿಕಾಗೋದಲ್ಲಿ. ನಾಲ್ಕು ವರ್ಷದವರಾಗಿದ್ದಾಗ ಕುಟುಂಬ ಮಿಸೌರಿ ರಾಜ್ಯದ ಮಾರ್ಸಲೀನ್ ಎಂಬ ಸಣ್ಣ ಊರಿಗೆ ಬೇಸಾಯಕ್ಕೆಂದು ಬಂತು. ಅದು ಸಾಂಟಾ ಫೆ ರೈಲ್ವೆಯಿಂದಲೇ ಹುಟ್ಟಿದ ಊರು. ಸಂಬಂಧದಲ್ಲಿ ಮಾವನಾಗಬೇಕಿದ್ದ ಮೈಕ್ ಮಾರ್ಟಿನ್ ಅದೇ ಮಾರ್ಗದಲ್ಲಿ ಎಂಜಿನ್ ಚಾಲಕ. ಹುಡುಗನ ಕಣ್ಣಿಗೆ ಆತನಿಗಿಂತ ದೊಡ್ಡ ಮನುಷ್ಯ ಇನ್ನೊಬ್ಬನಿರಲಿಲ್ಲ. 1917ರ ಬೇಸಿಗೆ ರಜೆಯಲ್ಲಿ, ಹದಿನೈದರ ಹರೆಯದಲ್ಲಿ, ಡಿಸ್ನಿ ಓಡುವ ರೈಲಿನಲ್ಲಿ ಪತ್ರಿಕೆ, ಹಣ್ಣು, ಮಿಠಾಯಿ ಮಾರಿದರು. ವ್ಯಾಪಾರದಲ್ಲಿ ನಷ್ಟವೇ ಆಯಿತು. ಆದರೆ ಎಂಜಿನ್ ಸಿಬ್ಬಂದಿಯ ಸ್ನೇಹ ಸಂಪಾದಿಸಿ ಕಲ್ಲಿದ್ದಲಿನ ಪಕ್ಕದಲ್ಲಿ ನಿಂತು ಪಯಣಿಸುವ ಭಾಗ್ಯ ಒದಗಿತು. ಮಿಕ್ಕಿ ಮೌಸ್ ಕಲ್ಪನೆ ಸಹ 1928ರಲ್ಲಿ ನ್ಯೂಯಾರ್ಕಿನಿಂದ ಮರಳುವ ರೈಲಿನಲ್ಲಿ ಮೂಡಿತೆಂದು ಅವರು ಮುಂದೆ ಹೇಳಿಕೊಳ್ಳುತ್ತಿದ್ದರು.

ಸಿನಿಮಾದ ಯಶಸ್ಸಿನ ಕಥೆ ಎಲ್ಲರಿಗೂ ಗೊತ್ತಿರುವುದೇ. ಅಷ್ಟಾಗಿ ಗೊತ್ತಿಲ್ಲದ್ದು ನಂತರದ ಬಳಲಿಕೆ. 1941ರಲ್ಲಿ ಸ್ಟುಡಿಯೋದ ಕಲಾವಿದರು ಮುಷ್ಕರ ಹೂಡಿದರು. ತಮ್ಮ ಮನೆಯವರೆಂದೇ ಭಾವಿಸಿದ್ದ ನೌಕರರು ಗೇಟಿನ ಹೊರಗೆ ಫಲಕ ಹಿಡಿದು ನಿಂತದ್ದನ್ನು ಡಿಸ್ನಿ ಎಂದಿಗೂ ಮರೆಯಲಿಲ್ಲ. ಹಿಂದೆಯೇ ಮಹಾಯುದ್ಧ, ಬ್ಯಾಂಕಿನ ಸಾಲ. ಪೋಲೋ ಆಟದಲ್ಲಿ ಕುತ್ತಿಗೆಗೆ ಬಿದ್ದ ಹಳೆಯ ಪೆಟ್ಟೂ ಸಂಜೆಯಾದರೆ ಕಾಡುತ್ತಿತ್ತು. ಇನ್ನೂ ಒಂದು ಸಂಗತಿಯಿದೆ. 1920ರ ದಶಕದ ನಡುವಿನಲ್ಲೇ ಅವರು ಕೈಯಾರೆ ಚಲನಚಿತ್ರಕ್ಕೆ ಚಿತ್ರ ಬರೆಯುವುದನ್ನು ನಿಲ್ಲಿಸಿದ್ದರು. ನೂರಾರು ಜನರ ಕೈಯಿಂದ ಕೆಲಸ ತೆಗೆಯುವ ಒಡೆಯನಿಗೆ ತನ್ನ ಕೈಯ ಕೆಲಸ ಉಳಿದಿರಲಿಲ್ಲ.

1947ರ ಕ್ರಿಸ್ಮಸ್ ಸಮಯದಲ್ಲಿ ಡಿಸ್ನಿ ತಮಗಾಗಿ ಒಂದು ವಿದ್ಯುತ್ ಆಟಿಕೆ ರೈಲು ಕೊಂಡು ಕಚೇರಿಯ ಪಕ್ಕದ ಕೋಣೆಯಲ್ಲಿ ಹಳಿ ಹಾಸಿದರು. ಅವರ ಚಿತ್ರಕಾರರಲ್ಲೇ ಇಬ್ಬರು ರೈಲು ಹುಚ್ಚಿನವರಿದ್ದರು. ವಾರ್ಡ್ ಕಿಂಬಾಲ್ ತಮ್ಮ ಹಿತ್ತಲಲ್ಲಿ ನಿಜ ಗಾತ್ರದ ಹಳೆಯ ಎಂಜಿನ್ ಇಟ್ಟುಕೊಂಡಿದ್ದರೆ, ಓಲಿ ಜಾನ್ಸ್ಟನ್ ಹನ್ನೆರಡನೇ ಒಂದಂಶ ಅಳತೆಯ ಉಗಿಬಂಡಿ ಕಟ್ಟಿಸುತ್ತಿದ್ದರು. ಸ್ಟುಡಿಯೋದ ದಾದಿ ಹೇಜಲ್ ಜಾರ್ಜ್ ಅವರ ಸಲಹೆಯಂತೆ ಡಿಸ್ನಿ 1948ರ ಆಗಸ್ಟ್‌ನಲ್ಲಿ ಕಿಂಬಾಲರೊಂದಿಗೆ ಶಿಕಾಗೋದ ರೈಲ್ವೆ ಮೇಳಕ್ಕೆ ಹೋಗಿ ಬಂದರು. ಹಿಂದಿರುಗಿದವರೇ ತಮಗೂ ಒಂದು ಎಂಜಿನ್ ಬೇಕೆಂದು ತೀರ್ಮಾನಿಸಿದರು.

ಮಾದರಿಗೆ ಆರಿಸಿಕೊಂಡದ್ದು ಸೆಂಟ್ರಲ್ ಪೆಸಿಫಿಕ್ ಕಂಪನಿಯ 173ನೇ ಸಂಖ್ಯೆಯ ಹತ್ತೊಂಬತ್ತನೇ ಶತಮಾನದ ಎಂಜಿನನ್ನು. ಅಳತೆ ಎಂಟನೇ ಒಂದಂಶ. ಹಳಿಗಳ ನಡುವಣ ಅಂತರ ಏಳೂಕಾಲು ಇಂಚು, ಅಂದರೆ ಒಂದು ಗೇಣಿಗಿಂತಲೂ ಕಡಿಮೆ. ಸ್ಟುಡಿಯೋದ ಯಂತ್ರಶಾಲೆಯ ಮುಖ್ಯಸ್ಥ ರೋಜರ್ ಬ್ರಾಗಿ ಇದರ ಹೊಣೆ ಹೊತ್ತರು. ಇಲ್ಲಿಯೇ ಈ ಕಥೆಯ ಸ್ವಾರಸ್ಯವಿದೆ. ದುಡ್ಡು ಕೊಟ್ಟು ಮಾಡಿಸಿಕೊಳ್ಳಬಹುದಾಗಿದ್ದ ಯಜಮಾನರು ತಮ್ಮದೇ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿಕೊಂಡರು! ತಗಡು ಕತ್ತರಿಸುವುದು, ಬೆಸೆಯುವುದು, ಲೇತ್ ಹಿಡಿಯುವುದು ಇವನ್ನೆಲ್ಲ ಬ್ರಾಗಿ ಕಲಿಸಿದರು. ಎಂಜಿನ್‌ನ ಸೀಟಿ, ಕೈಕಂಬಿ, ಧ್ವಜದಂಡಗಳು ಡಿಸ್ನಿ ಅವರ ಕೈಕೆಲಸ. ಮುಂದೀಪ ಮತ್ತು ಚಿಮಣಿಯನ್ನು ತಗಡಿನಿಂದ ರೂಪಿಸಿದವರೂ ಅವರೇ. ಬಾಯ್ಲರ್‌ನಂತಹ ಅಪಾಯದ ಭಾಗಗಳು ಪಳಗಿದ ಕೈಗಳಿಗೇ ಬಿಟ್ಟವು.

1949ರ ಡಿಸೆಂಬರ್ 24ರಂದು ಸ್ಟುಡಿಯೋದೊಳಗೇ ಎಂಜಿನ್ ಮೊದಲ ಬಾರಿಗೆ ಉಗಿಯುಗುಳಿ ಓಡಿತು. ಪತ್ನಿ ಲಿಲಿಯನ್ ಅವರ ನೆನಪಿಗೆ ಅದಕ್ಕಿಟ್ಟ ಹೆಸರು ಲಿಲ್ಲಿ ಬೆಲ್.

ಹೆಸರಿಟ್ಟ ಮಾತ್ರಕ್ಕೆ ಮನೆಯವರು ಒಲಿಯಲಿಲ್ಲ. ಲಾಸ್ ಏಂಜಲಿಸ್‌ನ ಕ್ಯಾರೊಲ್‌ವುಡ್ ರಸ್ತೆಯಲ್ಲಿ ಹೊಸ ಮನೆ ಏಳುತ್ತಿತ್ತು. ಅಂಗಳದ ತುಂಬ ಹೂಗಿಡ ಬೆಳೆಸುವ ಕನಸು ಲಿಲಿಯನ್‌ರದು. ಡಿಸ್ನಿ ವಕೀಲರ ಭಾಷೆಯಲ್ಲಿ ಕರಾರುಪತ್ರ ಬರೆಸಿ, ರೈಲುಮಾರ್ಗಕ್ಕೆ ಜಾಗ ಬಿಟ್ಟುಕೊಡಲು ಹೆಂಡತಿಯನ್ನೂ ಹೆಣ್ಣುಮಕ್ಕಳಾದ ಡಯಾನ್, ಶರನ್ ಇವರನ್ನೂ ಒಪ್ಪಿಸಿದರು. ಹೂದೋಟ ಕೆಡದಂತೆ ಅದರಡಿಯಲ್ಲಿ ತೊಂಬತ್ತು ಅಡಿ ಉದ್ದದ ಸುರಂಗ ಕೊರೆಸಿದರು. ಒಳಹೊಕ್ಕವರಿಗೆ ಇನ್ನೊಂದು ತುದಿಯ ಬೆಳಕು ಕಾಣಬಾರದೆಂದು ಅದನ್ನು ಹಾವಿನಂತೆ ಬಳುಕಿಸಲಾಯಿತು. ನೇರವಾಗಿ ತೋಡಿದರೆ ಖರ್ಚು ಕಡಿಮೆಯೆಂದು ಮೇಸ್ತ್ರಿ ಸೂಚಿಸಿದಾಗ, ತೋಡದೇ ಇದ್ದರೆ ಇನ್ನೂ ಕಡಿಮೆ ಎಂದು ಡಿಸ್ನಿ ಉತ್ತರಿಸಿದರಂತೆ. ಸುರಂಗದ ಲೆಕ್ಕವನ್ನು ತಮಗೆ ತಿಳಿಸಲೇಬಾರದೆಂದು ಕಾರ್ಯದರ್ಶಿಗೆ ಕಟ್ಟಪ್ಪಣೆಯನ್ನೂ ಮಾಡಿದ್ದರು. ಒಟ್ಟು 2,615 ಅಡಿ ಹಳಿ, ನಡುವೆ 46 ಅಡಿಯ ಮರದ ಸೇತುವೆ. 1950ರ ಮೇ ತಿಂಗಳಲ್ಲಿ ಕ್ಯಾರೊಲ್‌ವುಡ್ ಪೆಸಿಫಿಕ್ ರೈಲುಮಾರ್ಗ ಉದ್ಘಾಟನೆಯಾಯಿತು. ಅದೇ ವರ್ಷ ತೆರೆಕಂಡ ಸಿಂಡರೆಲಾ ಚಿತ್ರ ಸ್ಟುಡಿಯೋದ ಸಾಲದ ಹೊರೆಯನ್ನು ಇಳಿಸಿತ್ತು.

ಹಿತ್ತಲಲ್ಲಿ ಅವರು ಕಟ್ಟಿಸಿದ ಮರದ ಕೊಟ್ಟಿಗೆ ಬಾಲ್ಯದ ಮಾರ್ಸಲೀನ್ ಮನೆಯದನ್ನೇ ಹೋಲುತ್ತಿತ್ತು. ಅದೇ ಕಾರ್ಯಾಗಾರ. ರಾತ್ರಿ ಊಟವಾದ ಮೇಲೆ ಡಿಸ್ನಿ ಅಲ್ಲಿ ಗಂಟೆಗಟ್ಟಲೆ ಕಳೆಯುತ್ತಿದ್ದರು. ರೈಲಿನ ಕೊನೆಯ ಗಾರ್ಡ್ ಬೋಗಿಯನ್ನು ಪೂರ್ತಿ ತಾವೇ ನಿರ್ಮಿಸಿದರು. ಹೊರಗಿನಿಂದ ಯಾರಿಗೂ ಸುಲಭದಲ್ಲಿ ಕಾಣದ ಒಳಭಾಗದಲ್ಲಿ ಮಲಗುವ ಮಂಚ, ಪುಟಾಣಿ ಪತ್ರಿಕೆ, ಬೆರಳುದ್ದದ ಕಬ್ಬಿಣದ ಒಲೆ. ಆ ಒಲೆ ಅವರಿಗೆಷ್ಟು ಹಿಡಿಸಿತೆಂದರೆ, ಅಚ್ಚು ಹೊಯ್ಯಿಸಿ ಸುಮಾರು ನೂರು ಒಲೆಗಳನ್ನು ಮಾಡಿದರು. ಒಂದೊಂದಕ್ಕೂ ಬೇರೆ ಬೇರೆ ಬಣ್ಣ, ಬೇರೆ ಅಲಂಕಾರ. ಕೆಲವನ್ನು ಗೆಳೆಯರಿಗೆ ಕೊಟ್ಟರು, ಕೆಲವು ನ್ಯೂಯಾರ್ಕಿನ ಅಂಗಡಿಯೊಂದರಲ್ಲಿ ತಲಾ 25 ಡಾಲರಿಗೆ ಮಾರಾಟಕ್ಕಿದ್ದವು. ಕೋಟಿಗಳ ವ್ಯವಹಾರದವರಿಗೆ ಈ 25 ಡಾಲರಿನ ಸಂಭ್ರಮವೇ ಬೇರೆ ಇದ್ದಿರಬೇಕು.

ಮಾದರಿ ರೈಲು ಕಟ್ಟುವ ಹವ್ಯಾಸಿಗಳಲ್ಲಿ ಹೊಸ ಬಣ್ಣದ ಮೇಲೆ ಮಸಿ, ತುಕ್ಕು, ಎಣ್ಣೆಕಲೆ ಬಳಿದು ಬಂಡಿಗೆ ವಯಸ್ಸು ತರಿಸುವ ಕಲೆಯೊಂದಿದೆ. ಲಿಲ್ಲಿ ಬೆಲ್‌ಗೆ ಅದು ಬೇಕಾಗಲಿಲ್ಲ. ನಿಜವಾದ ಕಲ್ಲಿದ್ದಲು ಉರಿಸಿ ಓಡುವ ಯಂತ್ರಕ್ಕೆ ಮಸಿ ತಾನಾಗಿಯೇ ಹತ್ತುತ್ತದೆ, ಓಡಿಸುವವರ ಮುಖಕ್ಕೂ. ಭಾನುವಾರ ಬಂದ ಅತಿಥಿಗಳನ್ನು ಬೋಗಿಗಳ ಮೇಲೆ ಕೂರಿಸಿಕೊಂಡು ಡಿಸ್ನಿ ಹಿತ್ತಲು ಸುತ್ತಿಸುತ್ತಿದ್ದರು.

ಈ ಸಂಭ್ರಮ ಮೂರು ವರ್ಷವೂ ಪೂರ್ತಿ ನಡೆಯಲಿಲ್ಲ. 1953ರಲ್ಲಿ ಅತಿಥಿಯೊಬ್ಬರು ಎಂಜಿನ್ ಚಲಾಯಿಸುತ್ತಿದ್ದಾಗ ತಿರುವಿನಲ್ಲಿ ವೇಗ ಹೆಚ್ಚಾಗಿ ಅದು ಹಳಿ ತಪ್ಪಿ ಮಗುಚಿತು. ಸೀಟಿ ಮುರಿದು ಬಿಸಿ ಉಗಿ ಚಿಮ್ಮಿತು. ಏನಾಯಿತೆಂದು ನೋಡಲು ಓಡಿಬಂದ ಐದು ವರ್ಷದ ಬಾಲಕಿಯ ಕಾಲು ಸುಟ್ಟಿತು. ಮುರಿದ ಸೀಟಿ ಅವರೇ ಕೈಯಾರೆ ಮಾಡಿದ್ದ ಭಾಗಗಳಲ್ಲೊಂದು. ಡಿಸ್ನಿ ಲಿಲ್ಲಿ ಬೆಲ್ಲನ್ನು ಒಳಗಿರಿಸಿದರು. ಹಿತ್ತಲಿನ ರೈಲು ಮತ್ತೆ ಓಡಲಿಲ್ಲ.

ಆದರೆ ಅದರ ನಕ್ಷೆ ವ್ಯರ್ಥವಾಗಲಿಲ್ಲ. 1955ರ ಜುಲೈ 17ರಂದು ತೆರೆದ ಡಿಸ್ನಿಲ್ಯಾಂಡ್ ಉದ್ಯಾನದ ಸುತ್ತ ಓಡಿದ ಮೊದಲ ಎರಡು ಉಗಿ ಎಂಜಿನ್‌ಗಳನ್ನು ಬ್ರಾಗಿ ಮತ್ತು ಸಂಗಡಿಗರು ಲಿಲ್ಲಿ ಬೆಲ್‌ನ ನಕ್ಷೆಗಳನ್ನೇ ಹಿಗ್ಗಿಸಿ ಕಟ್ಟಿದರು. ಒಂದಕ್ಕೆ ಸಾಂಟಾ ಫೆ ರೈಲ್ವೆಯ ಸ್ಥಾಪಕರ ಹೆಸರು, ಇನ್ನೊಂದಕ್ಕೆ ಅದೇ ರೈಲ್ವೆಯ ಅಧ್ಯಕ್ಷರೊಬ್ಬರ ಹೆಸರು. ಮಾರ್ಸಲೀನ್‌ನ ಹುಡುಗ ಋಣ ಮರೆತಿರಲಿಲ್ಲ.

1966ರ ಡಿಸೆಂಬರ್ 15ರಂದು ಡಿಸ್ನಿ ತೀರಿಕೊಂಡರು. ಕ್ಯಾರೊಲ್‌ವುಡ್‌ನ ಮನೆ ಈಗಿಲ್ಲ. ಕೊಟ್ಟಿಗೆಯನ್ನು ಬಿಚ್ಚಿ ತಂದು ಲಾಸ್ ಏಂಜಲಿಸ್‌ನ ಗ್ರಿಫಿತ್ ಪಾರ್ಕಿನಲ್ಲಿ ಮತ್ತೆ ಜೋಡಿಸಿ 1999ರಲ್ಲಿ ಸಾರ್ವಜನಿಕರಿಗೆ ತೆರೆಯಲಾಯಿತು. ಅದಿರುವುದು ಪುಟ್ಟ ಉಗಿಬಂಡಿಗಳನ್ನು ತಾವೇ ಕಟ್ಟಿ ಓಡಿಸುವ ಹವ್ಯಾಸಿಗಳ ಬಳಗದ ಆವರಣದಲ್ಲಿ.